ಕಪ್ಪೆ ಕೊಯ್ಯದ ಕಾಲೇಜು

ನನ್ನ ತಮ್ಮ ಜಯಪ್ಪ ಯಾಕೆ ಡಾಕ್ಟರಾಗಲಿಲ್ಲ ಎಂದು ಸೊರಬದಲ್ಲಿ ಈಗಲೂ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಬಾವಿಕಟ್ಟೆಯ ಮೇಲೆ ಕೊಡ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳುತ್ತಾರೆ. ಬುದ್ಧಿ ಸಾಲಲಿಲ್ಲವೋ, ದುಡ್ಡು ಸಾಲಲಿಲ್ಲವೋ ಎಂದು ಉತ್ತರವನ್ನೂ ಅವರೇ ಮುಂದಿಡುತ್ತಾರೆ. ಎರಡೂ ಅಲ್ಲ. ಬುದ್ಧಿ ಬೇಕಾದಷ್ಟಿತ್ತು. ದುಡ್ಡಿಗೆ ಅಪ್ಪ ಹೇಗೋ ದಾರಿ ಮಾಡಿದ್ದ. ಅಡ್ಡ ಬಂದದ್ದು ಕಪ್ಪೆ. ಹಾಗೆಂದರೆ ನಗುತ್ತಾರೆ, ನಕ್ಕರೆ ನನಗೆ ಸಿಟ್ಟು ಬರುತ್ತದೆ, ಅದಕ್ಕೇ ಹೇಳುವುದಿಲ್ಲ.

ನನ್ನ ತವರು ಶಿಕಾರಿಪುರ ತಾಲ್ಲೂಕಿನಲ್ಲಿ, ಅಂಜನಾಪುರಕ್ಕೆ ಹತ್ತಿರ. ಅಣೆಕಟ್ಟಿನ ಕಾಲುವೆ ಊರಿನ ಕೆಳಗಿನ ಗದ್ದೆಗಳಿಗೆ ಹರಿಯುತ್ತದೆ. ಮೇಲಿನ ಹೊಲಗಳಿಗೆ ಮಳೆಯೇ ಗತಿ. ಮಳೆ ಹಿಂದಾದ ವರ್ಷ ಊರವರು ಕಪ್ಪೆ ಹೊರಿಸುತ್ತಾರೆ. ಮಣೆಗೆ ಸಗಣಿ ಸಾರಿಸಿ, ಬೇವಿನ ಸೊಪ್ಪು ಹಾಸಿ, ಅದರ ಮೇಲೆ ಕಪ್ಪೆ ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ನಿಂತರೆ ಹೆಂಗಸರು ಒಂದೊಂದು ಕೊಡ ನೀರು ಹುಯ್ಯುತ್ತಾರೆ. ಕೊನೆಗೆ ಕಪ್ಪೆಯನ್ನು ಕೆರೆಗೆ ಬಿಟ್ಟು, ಮನೆಮನೆಯವರು ಕೊಟ್ಟ ಕಾಳಿನಲ್ಲಿ ಅಡುಗೆ ಮಾಡಿ ಊರೆಲ್ಲ ಉಣ್ಣುತ್ತದೆ. ಆ ಕಪ್ಪೆ ಹೊರುವ ಹಕ್ಕು ನಮ್ಮ ಮನೆಯದು. ಅಜ್ಜ ಹೊತ್ತ, ಅಪ್ಪ ಉಚ್ಚಂಗಪ್ಪ ಹೊತ್ತ, ಮಣೆ ಹಿಡಿಯುವಷ್ಟು ಕೈ ಉದ್ದವಾದ ಮೇಲೆ ಜಯಪ್ಪನೂ ಹೊತ್ತ.

ಹೊರುವ ಮನೆಯವರು ಕಪ್ಪೆಯ ಮೈಗೆ ಒಂದು ಗೀರು ಕೂಡ ಮಾಡಬಾರದು. ಮಾಡಿದ ಕೈ ಮತ್ತೆ ಮಣೆ ಮುಟ್ಟಬಾರದು. ಇದು ಯಾರೂ ಬರೆದಿಟ್ಟ ಕಟ್ಟಳೆಯಲ್ಲ, ಆದರೆ ಊರಿನ ಮಕ್ಕಳಿಗೂ ಗೊತ್ತು. ಅಪ್ಪ ಗದ್ದೆ ಕೆಸರು ಮಾಡುವಾಗ ಎದುರಿಗೆ ಕಪ್ಪೆ ಕುಪ್ಪಳಿಸಿದರೆ "ಹೋ" ಎಂದು ಎತ್ತು ನಿಲ್ಲಿಸಿ ಅದು ಬದು ಹತ್ತುವವರೆಗೆ ಕಾಯುತ್ತಿದ್ದ. ಹಿಂದಿನ ನೇಗಿಲಿನವರು ಬೈದರೆ ನಗುತ್ತಿದ್ದ.

ಡಾಕ್ಟರಾಗುವ ಆಸೆ ಹುಟ್ಟಿದ್ದು ನನ್ನ ಮನೆಯಲ್ಲಿ. ನನ್ನನ್ನು ಸೊರಬಕ್ಕೆ ಕೊಟ್ಟಿದ್ದರು. ನಮ್ಮ ಯಜಮಾನರು ಆನಂದಪ್ಪ ತಾಲ್ಲೂಕು ಕಚೇರಿಯಲ್ಲಿ ಜವಾನರು. ಎರಡು ಕೂಸು ಹೆತ್ತೆ, ಎರಡೂ ಉಳಿಯಲಿಲ್ಲ. ಎರಡನೆಯದಕ್ಕೆ ಜ್ವರ ಏರಿದಾಗ ಜಯಪ್ಪ ಬೇಸಿಗೆ ರಜಕ್ಕೆ ನಮ್ಮಲ್ಲಿಗೆ ಬಂದಿದ್ದ. ಡಾಕ್ಟರನ್ನು ಹುಡುಕಿಕೊಂಡು ಇಡೀ ದಿನ ಓಡಾಡಿದ, ಸಿಗಲಿಲ್ಲ. ಆಮೇಲೆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದವನೂ ಅವನೇ. ವಾಪಸು ಬಂದು, ಕೈಕಾಲು ತೊಳೆದು, "ಅಕ್ಕ, ನಾನು ಡಾಕ್ಟರ್ ಓದ್ತೀನಿ" ಅಂದ. ಇನ್ನೂ ಮೀಸೆ ಚಿಗುರದ ಹುಡುಗ. ಅಳುತ್ತಲೇ "ಓದು ಮಾರಾಯ" ಅಂದೆ. ಆ ಮಾತನ್ನು ಅವನು ಬಿಡಲಿಲ್ಲ. ನಾನಂತೂ ಹಿಡಿದುಕೊಂಡೇ ಬದುಕಿದೆ.

ಐವತ್ತೇಳನೆಯ ಇಸವಿಯಲ್ಲಿ ಶಿಕಾರಿಪುರದ ಹೈಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ಮೊದಲ ದರ್ಜೆಯಲ್ಲಿ ಪಾಸಾದ. ಗಣಿತದ ಮೇಷ್ಟ್ರು ಗೋಪಾಲಪ್ಪನವರು ಅಪ್ಪನನ್ನು ಕರೆಸಿ, ನೇರವಾಗಿ ಮೆಡಿಕಲ್‌ಗೆ ಸೇರಿಸಿಕೊಳ್ಳುವುದಿಲ್ಲ, ಮೊದಲು ಯಾವುದಾದರೂ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ತೆಗೆದುಕೊಂಡು ಪಾಸಾಗಬೇಕು, ಅಲ್ಲಿ ಒಳ್ಳೆಯ ನಂಬರು ಬಂದರೆ ಮಾತ್ರ ಮೆಡಿಕಲ್ಲು ಎಂದು ತಿಳಿಸಿ ಹೇಳಿದರು. "ಶಿವಮೊಗ್ಗಕ್ಕೆ ಹಾಕ್ರಿ ಉಚ್ಚಂಗಪ್ಪ. ಅಲ್ಲಿಂದ ವರ್ಷಾ ವರ್ಷಾ ಹುಡುಗ್ರು ಮೆಡಿಕಲ್‌ಗೆ ಹೋಗ್ತಾರೆ. ಬೇರೆ ಕಡೆ ನೋಡಬ್ಯಾಡ್ರಿ" ಅಂದರು. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಜಯಪ್ಪನ ಬೆನ್ನು ತಟ್ಟಿ, "ಕಪ್ಪೆ ಕೊಯ್ಯಾಕ ಹೆದರಬ್ಯಾಡ ಮತ್ತೆ" ಎಂದು ತಮಾಷೆ ಮಾಡಿದರು. ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ.

ಸುದ್ದಿ ಸೊರಬಕ್ಕೆ ಮುಟ್ಟಿತು, ನಾನು ಬಸ್ಸು ಹತ್ತಿ ತವರಿಗೆ ಬಂದೆ. ಅಪ್ಪ ಕೂಗಾಡಿರಲಿಲ್ಲ. ಕೂಗಾಡುವವನಾಗಿದ್ದರೆ ಜಗಳ ಮಾಡಿ ಗೆಲ್ಲಬಹುದಿತ್ತು. ಜಗಲಿಯಲ್ಲಿ ಕೂತು, "ಡಾಕ್ಟರಾಗಲಿ. ನಾನು ಬ್ಯಾಡ ಅಂದಿಲ್ಲ. ಕಪ್ಪೆ ಕೊಯ್ಯದ ಕಾಲೇಜು ಎಲ್ಲಾದ್ರೂ ಐತೇನು ನೋಡೋಣ" ಅಂದ. ಜಯಪ್ಪ ನೆಲ ನೋಡುತ್ತ ಕೂತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸರಿ, ಹುಡುಕೋಣ ಎಂದು ಮೂವರೂ ಹೊರಟೆವು. ಅಪ್ಪನಿಗೆ ಪೇಟೆಯವರ ಮುಂದೆ ಮಾತು ಹೊರಡುವುದಿಲ್ಲ, ನನಗೆ ಮಾತು ನಿಲ್ಲುವುದಿಲ್ಲ. ಅದಕ್ಕೇ ನಾನೂ ಹೋದದ್ದು.

ಶಿವಮೊಗ್ಗದ ಕಾಲೇಜು ನೋಡಿ ನನ್ನ ಕಣ್ಣು ತುಂಬಿತು. ಎತ್ತರದ ಕಿಟಕಿಗಳು, ಬಿಳಿ ಶರಟಿನ ಹುಡುಗರು. ಜಯಪ್ಪ ಗೋಡೆಗೆ ತೂಗುಹಾಕಿದ್ದ ಎಲುಬಿನ ಚಿತ್ರದ ಮುಂದೆ ನಿಂತು ಒಂದೊಂದೇ ಹೆಸರು ಓದಿಕೊಳ್ಳುತ್ತಿದ್ದ. ಪ್ರಯೋಗಶಾಲೆಯ ಆಳು ಧರ್ಮಪ್ಪ ಎಂಬಾತ ನಮ್ಮನ್ನು ಒಳಗೆ ಕರೆದೊಯ್ದು ತೋರಿಸಿದ. ಮೂಲೆಯ ತೊಟ್ಟಿಯಲ್ಲಿ ಕಪ್ಪೆಗಳಿದ್ದವು. ಅಪ್ಪ ಬಗ್ಗಿ ನೋಡಿದ.

"ಎಲ್ಲಿಯವು ಇವು?" ಎಂದು ಕೇಳಿದ.

"ಗದ್ದೆಯವು ಯಜಮಾನ್ರೇ. ಇನ್ನೆಲ್ಲಿಂದ ತರಾನ?"

"ಯಾರು ಕೊಯ್ತಾರೆ?"

"ಎಲ್ಲಾರೂ. ಹುಡುಗನಿಗೊಂದು ಕಪ್ಪೆ."

ಅಷ್ಟರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು ಬಂದರು. ಜನ್ಮದಲ್ಲಿ ಪೇಟೆಯವರ ಮುಂದೆ ಬಾಯಿ ಬಿಡದ ಅಪ್ಪ ಅವತ್ತು ಟವೆಲು ಕೈಗೆ ತೆಗೆದುಕೊಂಡು ಮಾತಾಡಿದ. "ಸ್ವಾಮೀ, ನಮ್ಮ ಹುಡುಗ ಕಪ್ಪೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕೊಯ್ತಾನೆ. ಇಲಿ ಕೊಯ್ಲಿ, ಹೆಗ್ಗಣ ಕೊಯ್ಲಿ. ಬೇಕಂದ್ರ ನಾನೇ ಹಿಡಿದು ತಂದುಕೊಡ್ತೀನಿ."

ಮೇಷ್ಟ್ರು ಒಳ್ಳೆಯವರು, ನಗಲಿಲ್ಲ. "ಯಜಮಾನರೇ, ಇವತ್ತು ಕಪ್ಪೆಗೆ ಹಿಂಜರಿದರೆ ಹೇಗೆ? ಮೆಡಿಕಲ್ಲಿಗೆ ಹೋದರೆ ಮನುಷ್ಯರ ಹೆಣ ಕೊಯ್ಯಬೇಕು" ಅಂದರು.

"ಹೆಣ ಕೊಯ್ಲಿ ಸ್ವಾಮಿ. ಅದಕ್ಕೇನು ನಮ್ಮ ಅಭ್ಯಂತರ ಇಲ್ಲ" ಅಂದ ಅಪ್ಪ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಕಾಲುವೆ ಬಂದು ಎಷ್ಟು ಕಾಲವಾಯ್ತಪ್ಪ, ಇನ್ನೂ ಕಪ್ಪೆ ಯಾರಿಗೆ ಬೇಕು?" ಅಂದೆ. "ಅಣೆಕಟ್ಟು ತಾನಾಗೇ ತುಂಬುತ್ತೇನು ತಾಯಿ?" ಅಂದ. "ನನ್ನ ಕೂಸು ದೊಡ್ಡದೋ ನಿನ್ನ ಕಪ್ಪೆ ದೊಡ್ಡದೋ ಹೇಳು" ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅಪ್ಪ ಕಿಟಕಿಯ ಕಡೆ ಮುಖ ಮಾಡಿದ. ಜಯಪ್ಪ ನನ್ನ ಕೈ ಹಿಡಿದು, "ಬಿಡಕ್ಕ, ಬೇರೆ ಸಿಗುತ್ತೆ" ಅಂದ.

ದಾವಣಗೆರೆಗೂ ಹೋಗಿ ಬಂದೆವು. ಅಲ್ಲಿಯೂ ಅದೇ ತೊಟ್ಟಿ, ಅದೇ ಉತ್ತರ. ಒಂದು ಕಡೆ ಊಟ ಸಿಕ್ಕರೆ ಪಾಠ ಸರಿಯಿಲ್ಲ, ಪಾಠ ಸರಿಯಿದ್ದರೆ ಇರಲು ಜಾಗವಿಲ್ಲ, ಎರಡೂ ಇದ್ದರೆ ಕಪ್ಪೆ. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಅನ್ನುತ್ತಾರಲ್ಲ, ಆ ಬಾಳು ನಮ್ಮದಾಯಿತು. ಕಾಲೇಜುಗಳು ಹುಡುಗರನ್ನು ಸೇರಿಸಿಕೊಳ್ಳುವ ಕೊನೆಯ ದಿನ ಹತ್ತಿರ ಬಂದಿತ್ತು.

ಆಗ ನಮ್ಮ ಯಜಮಾನರು ಕಚೇರಿಯಲ್ಲಿ ಯಾರಿಂದಲೋ ಕೇಳಿ ಬಂದರು. ಹೊಳೆಯಾಚೆ ಉತ್ತರದ ಕಡೆ ಹೊಸದಾಗಿ ಒಂದು ಕಾಲೇಜು ತೆರೆದಿದ್ದಾರೆ, ಅಲ್ಲಿ ಪ್ರಾಣಿಶಾಸ್ತ್ರ ಉಂಟು, ಸಾಮಾನು ಸರಂಜಾಮು ಇನ್ನೂ ಬಂದಿಲ್ಲ, ಮೇಷ್ಟ್ರು ಒಂದೇ ಒಂದು ಕಪ್ಪೆ ಕೊಯ್ದು ತೋರಿಸುತ್ತಾರೆ, ಹುಡುಗರು ಸುತ್ತ ನಿಂತು ನೋಡಿ ಚಿತ್ರ ಬರೆಯುತ್ತಾರೆ. ಕಾಲೇಜಿನ ಹೆಸರು ಬೇಡ, ಅವರೇನೂ ನಮಗೆ ಮೋಸ ಮಾಡಲಿಲ್ಲ. ಅಪ್ಪ ತಾನೇ ಹೋಗಿ, ಮೇಷ್ಟ್ರನ್ನು ಕಂಡು, ತಿರುಗಾಮುರುಗಾ ಕೇಳಿದ. ಹುಡುಗ ಮುಟ್ಟಬೇಕಾ? ಬೇಡ. ಕತ್ತಿ ಹಿಡಿಯಬೇಕಾ? ಬೇಡ. ನೋಡಿದರೆ ಸಾಕಾ? ಸಾಕು. ಮನೆಗೆ ಬಂದವನು ಬೆಲ್ಲ ತರಿಸಿ ಎಲ್ಲರ ಬಾಯಿಗೆ ಹಾಕಿದ. ಅಂಥ ನಗು ಅವನ ಮುಖದಲ್ಲಿ ಆಮೇಲೆ ನಾನು ನೋಡಲಿಲ್ಲ.

ಗೋಪಾಲಪ್ಪ ಮೇಷ್ಟ್ರು ಬೇಡವೆಂದರು. "ಶಿವಮೊಗ್ಗ ಕೈಲಿರುವಾಗ ಯಾರಾದರೂ ಅಲ್ಲಿಗೆ ಹೋಗ್ತಾರೇನ್ರೀ" ಎಂದು ಬೈದರು. ಜಯಪ್ಪನಿಗೂ ಶಿವಮೊಗ್ಗವೇ ಬೇಕಿತ್ತು. ಎಲುಬಿನ ಚಿತ್ರದ ಮುಂದೆ ಅವನು ನಿಂತಿದ್ದ ನಿಲುವು ನಾನು ನೋಡಿದ್ದೆನಲ್ಲ. ಆದರೂ ಅಪ್ಪನ ಮುಖ ನೋಡಿ, "ಎಲ್ಲಿ ಓದಿದರೂ ಪುಸ್ತಕ ಒಂದೇ" ಅಂದು ಟ್ರಂಕು ಎತ್ತಿಕೊಂಡ.

ತರಗತಿಯಲ್ಲಿ ಯಾರು ಕೊಯ್ಯುತ್ತಾರೆ ಎಂದು ನಾವು ಅಷ್ಟು ಕೇಳಿದೆವು. ಪರೀಕ್ಷೆಯಲ್ಲಿ ಯಾರು ಕೊಯ್ಯುತ್ತಾರೆ ಎಂದು ನಮ್ಮಲ್ಲಿ ಯಾರಿಗೂ ಕೇಳಬೇಕು ಅನ್ನಿಸಲಿಲ್ಲ. ಪರೀಕ್ಷೆ ಅಂದರೆ ಕೂತು ಬರೆಯುವುದು ಎಂದೇ ನಮ್ಮ ತಿಳಿವಳಿಕೆ.

ಸಂಕ್ರಾಂತಿಗೆ ಜಯಪ್ಪ ಊರಿಗೆ ಹೋಗದೆ ನೇರ ಸೊರಬಕ್ಕೆ ಬಂದ. ಮುಖ ಇಳಿದಿತ್ತು. ಊಟಕ್ಕೆ ಕೂತವನು ಅನ್ನ ಕಲಸುತ್ತ, "ಅಕ್ಕ, ಪರೀಕ್ಷೆಗೆ ಹೊರಗಿನವರು ಬರ್ತಾರಂತೆ. ಒಬ್ಬೊಬ್ಬರ ಮುಂದೂ ಒಂದೊಂದು ಕಪ್ಪೆ ಇಡ್ತಾರಂತೆ. ಕೊಯ್ಯದಿದ್ರೆ ಸೊನ್ನೆ" ಅಂದ. ನಾನು ಸಾರಿನ ಸೌಟು ಕೆಳಗಿಟ್ಟೆ.

"ಕೊಯ್ದುಬಿಡು. ಅಪ್ಪನಿಗೆ ಯಾರು ಹೇಳ್ತಾರೆ? ಪಾಪ ಬಂದರೆ ನನ್ನ ತಲೆ ಮೇಲೆ ಬರಲಿ, ನಾನು ಎರಡು ಕೂಸು ಮಣ್ಣಿಗೆ ಕೊಟ್ಟವಳು, ಇನ್ನೇನು ಮಾಡುತ್ತೆ ಅದು ನನಗೆ?" ಅಂದೆ.

ಅವನು ಊಟ ಮುಗಿಸಿ ಎದ್ದ. ಹೊರಡುವಾಗ ತನ್ನ ಟ್ರಂಕಿನಿಂದ, ಪರೀಕ್ಷೆಗೆ ಬೇಕೆಂದು ಕೊಂಡಿದ್ದ ಕೊಯ್ಯುವ ಸಾಮಾನಿನ ಪೆಟ್ಟಿಗೆ ತೆಗೆದು ತೋರಿಸಿದ. ಚಿಕ್ಕ ಕತ್ತಿ, ಕತ್ತರಿ, ಚಿಮಟ, ಸೂಜಿ. ಒಂದಕ್ಕೂ ಕಲೆ ಬಿದ್ದಿರಲಿಲ್ಲ.

ಪರೀಕ್ಷೆ ಮುಗಿಸಿ ಬಂದ ದಿನ ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ನನ್ನನ್ನು ನೋಡಿದ ಕೂಡಲೇ ತಲೆ ಅಲ್ಲಾಡಿಸಿದ. ಮನೆಗೆ ಬಂದ ಮೇಲೆ ಹೇಳಿದ: "ಹೊಟ್ಟೆ ಮೇಲೆ ಮಾಡಿ ಮಲಗಿಸಿದ್ರಕ್ಕ. ಔಷಧಿ ಮೂಸಿಸಿದ್ರು, ಮಂಪರಿನಲ್ಲಿತ್ತು. ಕತ್ತಿ ತಗೊಂಡೆ. ಮಣೆ ಹೊತ್ತಾಗ ಅದು ನೆತ್ತಿ ಮೇಲೆ ಕೂತು ಮಿಸುಕಾಡ್ತಿತ್ತಲ್ಲ, ಅದು ನೆನಪಾಯ್ತು. ಕೂತೇ ಇದ್ದೆ. ಗಂಟೆ ಹೊಡೀತು." ಫಲಿತಾಂಶ ಬಂದಾಗ ನೋಡಿದರೆ ಬರೆಯುವ ಪರೀಕ್ಷೆಯಲ್ಲಿ ಆ ಕಾಲೇಜಿಗೇ ಮೊದಲನೆಯವನು. ಪ್ರಯೋಗದಲ್ಲಿ ಸೊನ್ನೆ, ಅಂದರೆ ಫೇಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಬಚ್ಚಲಿಗೆ ಹೋಗಿ ಅತ್ತೆ.

ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಕೂರಬಹುದಿತ್ತು. ಅದೊಂದೇ ಉಳಿದಿದ್ದ ದಾರಿ. ಜಯಪ್ಪ ಊರಿಗೆ ಮುಖ ತೋರಿಸಲಾರದೆ ನಮ್ಮ ಮನೆಯಲ್ಲೇ ಉಳಿದ. ಸುದ್ದಿಯನ್ನು ನಾನೇ ಅಪ್ಪನಿಗೆ ಹೇಳಿ ಕಳಿಸಿದೆ. ಮೆತ್ತಗೆ ಹೇಳಿ ಕಳಿಸಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಅಪ್ಪ ಬಂದ. ಶಿಕಾರಿಪುರದಿಂದ ನೇರ ಬರಲಿಲ್ಲ, ಸೊರಬ ದಾಟಿ ಚಂದ್ರಗುತ್ತಿಗೆ ಹೋಗಿ, ಗುಡ್ಡ ಹತ್ತಿ ದೇವಿ ಅಮ್ಮನಿಗೆ ಕೈಮುಗಿದು, ಅಲ್ಲಿಂದ ಹಿಂದಕ್ಕೆ ಬಂದಿದ್ದ. ಕೈಯಲ್ಲಿ ಒದ್ದೆ ಬಟ್ಟೆಯ ಗಂಟು. ನೀರು ಕೊಟ್ಟರೆ ಕುಡಿಯಲಿಲ್ಲ, ಗಂಟಿನ ಮೇಲೆ ಚಿಮುಕಿಸಿದ. ಆಗ ಗಂಟು ಮಿಸುಕಾಡಿತು.

"ಅಮ್ಮನ ಅಪ್ಪಣೆ ಕೇಳಿದೆಯಾ?" ಅಂದೆ.

"ಕೇಳಿದ್ರ ಬ್ಯಾಡ ಅಂತಾಳೆ. ಅದಕ್ಕೆ ಕೇಳಲಿಲ್ಲ. ಹೇಳಿ ಬಂದೆ." ಆಮೇಲೆ ಜಯಪ್ಪನ ಕಡೆ ತಿರುಗಿದ. "ಈ ಕಪ್ಪೆ ಕೊಯ್ದು ಕೈ ಪಳಗಿಸ್ಕೊ ಮಗಾ. ನನ್ನ ಹೆದರಿಕೆಗೆ ನೀನು ಕೆಡಬ್ಯಾಡ."

ಹಿತ್ತಲಲ್ಲಿ ಒಗೆಯುವ ಕಲ್ಲಿನ ಮುಂದೆ ಇಬ್ಬರೂ ಕೂತರು. ಜಯಪ್ಪ ಪೆಟ್ಟಿಗೆ ತೆಗೆದ. ಕತ್ತಿ ಹಿಡಿದ. ಅಪ್ಪ ಕಪ್ಪೆಯ ಕಾಲು ಹಿಡಿದುಕೊಂಡಿದ್ದ. ನಾನು ಹಿಂಬಾಗಿಲಿಗೆ ಒರಗಿ, ಕೊಯ್ಯಿ, ಕೊಯ್ಯಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಜಯಪ್ಪ ಕತ್ತಿ ಕಲ್ಲಿನ ಮೇಲಿಟ್ಟ.

"ಆಗಲ್ಲಪ್ಪ."

"ನಾನೇ ಹೇಳ್ತಿದ್ದೀನಲ್ಲೋ."

"ನಿನ್ನ ಹೆದರಿಕೆ ಅಲ್ಲಪ್ಪ. ನನ್ನ ಕೈಯಲ್ಲೇ ಆಗಲ್ಲ."

ಅಪ್ಪ ಅವನ ಮುಖವನ್ನೇ ನೋಡಿದ. ಅವನನ್ನು ಹಾಗೆ ಬೆಳೆಸಿದವನು ತಾನೇ ಎಂಬುದು ಆಗ ಅವನಿಗೆ ಹೊಳೆದಿರಬೇಕು. ಕತ್ತಿಯನ್ನು ತಾನೇ ಎತ್ತಿಕೊಂಡ. "ನೋಡು, ಏನೂ ಆಗಂಗಿಲ್ಲ" ಅಂದು ಕಪ್ಪೆಯ ಹೊಟ್ಟೆಗೆ ಇಟ್ಟು ಎಳೆದ. ಎಂದೂ ಕೊಯ್ಯದ ಕೈ, ಸೊಟ್ಟಗೆ ಹೋಯಿತು. ಜಯಪ್ಪ "ಅಪ್ಪಾ" ಅಂದದ್ದು ನನಗೆ ಕೇಳಿಸಿತು. ಅಪ್ಪ ನಿಲ್ಲಿಸಲಿಲ್ಲ, ತುದಿಯವರೆಗೂ ಕೊಯ್ದ.

"ಈಗ ಹೇಳು. ಏನೇನು ಇದು?"

ಜಯಪ್ಪ ಅಳುತ್ತಲೇ ಬಗ್ಗಿ ನೋಡಿ ಹೇಳಿದ. ಇದು ಪಿತ್ತಕೋಶ, ಇದು ಜಠರ, ಇವು ಶ್ವಾಸಕೋಶ, ಇದು ಯಕೃತ್ತು. ಒಂದೂ ತಪ್ಪಲಿಲ್ಲ. ಬೆರಳು ಮುಟ್ಟಿಸದೆ ಮೇಲಿನಿಂದಲೇ ತೋರಿಸಿ ಹೇಳಿದ. ಅಪ್ಪ ಪ್ರತಿಯೊಂದಕ್ಕೂ ತಲೆಯಾಡಿಸಿದ.

"ಇದು ಇನ್ನೂ ಬಡ್ಕೊಳ್ತಾ ಐತಲ್ಲ?"

"ಅದು ಹೃದಯ. ಇನ್ನೊಂದು ಸ್ವಲ್ಪ ಹೊತ್ತು ಬಡ್ಕೊಳ್ಳುತ್ತೆ ಅಪ್ಪ."

ಅದು ನಿಲ್ಲುವವರೆಗೆ ಇಬ್ಬರೂ ಹಾಗೇ ಕೂತಿದ್ದರು. ನಿಂತ ಮೇಲೆ ಅಪ್ಪ ಅದನ್ನು ಬಾಳೆಯ ಬುಡದಲ್ಲಿ ಹೂತು, "ನೀರು ಹುಯ್ಯಿ ತಾಯಿ" ಎಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೈಗೆ ಹುಯ್ಯಲು ಹೋದೆ. "ತಲೆ ಮೇಲೆ" ಅಂದ. ಚಿಕ್ಕವಳಿದ್ದಾಗ ಅಮ್ಮನ ಜೊತೆ ನಿಂತು ಅವನ ತಲೆಯ ಮೇಲಿನ ಮಣೆಗೆ ನೀರು ಹುಯ್ಯುತ್ತಿದ್ದೆ. ಅವತ್ತು ಸತ್ತವರ ಮನೆಯಿಂದ ಬಂದವನಿಗೆ ಹುಯ್ಯುವಂತೆ ಹುಯ್ದೆ. ಊಟ ಮಾಡದೆ ಸಂಜೆಯ ಬಸ್ಸಿಗೆ ಹೊರಟುಹೋದ.

ಜಯಪ್ಪ ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಹೋಗಲಿಲ್ಲ. ನಾನು ಬೈದೆ, ಗೋಪಾಲಪ್ಪ ಮೇಷ್ಟ್ರು ಹೇಳಿ ಕಳಿಸಿದರು, ನಮ್ಮ ಯಜಮಾನರು ಕಚೇರಿಗೆ ರಜ ಹಾಕಿ ಜೊತೆಗೆ ಬರುತ್ತೇನೆಂದರು. "ಅಪ್ಪ ಕೊಯ್ದದ್ದು ಸಾಕು" ಅಂದ. ಊರಿಗೆ ಹೋದ, ಕಾಲುವೆಯ ತೂಬು ಎತ್ತಿ ಇಳಿಸುವ ಕೆಲಸ ಸಿಕ್ಕಿತು. ಪುಸ್ತಕಗಳನ್ನು ನನ್ನ ಮನೆಯ ಅಟ್ಟದ ಮೇಲೆ ಬಿಟ್ಟು ಹೋದ.

ಮರುವರ್ಷ ಮಳೆ ಹಿಂದಾಯಿತು. ನಾನು ತವರಿನಲ್ಲೇ ಇದ್ದೆ. ಊರ ಹಿರಿಯ ಉಜ್ಜಪ್ಪನವರು ನಾಲ್ಕು ಜನರನ್ನು ಕಟ್ಟಿಕೊಂಡು ಮನೆಗೆ ಬಂದರು. ಅಪ್ಪ ಬಾಗಿಲಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿ, "ನನ್ನ ಕೈ ಕೆಟ್ಟೈತ್ರೀ. ನಾನು ಮಣೆ ಮುಟ್ಟಂಗಿಲ್ಲ" ಅಂದ. ಅವರು ಬಯ್ಯುತ್ತಾರೆ ಅಂದುಕೊಂಡಿದ್ದೆ. ಉಜ್ಜಪ್ಪ ಕೇಳಿದರು: "ಹುಡುಗ ಕೊಯ್ದಾನೇನು?"

"ಇಲ್ಲ. ಅವನ ಕೈಯಲ್ಲಿ ಆಗಲಿಲ್ಲ."

"ಮತ್ತೇನು? ಅವನ ಕೈ ಶುದ್ಧ ಐತಲ್ಲ. ಅವನು ಹೊರಲಿ."

ಜಯಪ್ಪ ಹೊತ್ತ. ಬರೀ ಮೈಯಲ್ಲಿ, ಬೇವಿನ ಸೊಪ್ಪು ಕಟ್ಟಿಕೊಂಡು, ಮಣೆ ಹೊತ್ತು ಮನೆಮನೆಯ ಮುಂದೆ ನಿಂತ. ಅಪ್ಪ ಹೊರಗೆ ಬರಲೇ ಇಲ್ಲ. ನಾನು ಕೊಡ ಹಿಡಿದು ಜೊತೆಗೆ ಹೋದೆ. ಓಣಿಯ ಕೊನೆಯ ಮನೆಯಲ್ಲಿ ದುರ್ಗಮ್ಮ ಎಂಬ ಹುಡುಗಿ, ಹೋದ ವರ್ಷ ಮದುವೆಯಾಗಿ ಬಂದವಳು, ಕೊಡದ ಬದಲು ಕೂಸು ಎತ್ತಿಕೊಂಡು ಹೊರಗೆ ಬಂದಳು. ಕೂಸಿನ ಕಣ್ಣು ತೇಲುತ್ತಿತ್ತು.

"ಕೂಸಿಗೆ ಜ್ವರ ಐತಣ್ಣ. ಮಣೆ ನೀರು ಒಂದು ಹನಿ ಬಾಯಿಗೆ ಬಿಡು, ಜ್ವರ ಇಳೀತೈತಿ ಅಂತಾರ" ಅಂದಳು.

"ನೀರು ಬ್ಯಾಡ ತಂಗಿ" ಅಂದ ಜಯಪ್ಪ. "ಈಗಿಂದೀಗಲೇ ಶಿಕಾರಿಪುರಕ್ಕೆ ಡಾಕ್ಟರ ಹತ್ರ ಕರ್ಕೊಂಡು ಹೋಗು."

"ಹೋಗಿ ಬಂದ್ವಿ. ಡಾಕ್ಟ್ರು ಇರಲಿಲ್ಲ. ನೀನೇ ಬಿಡು."

ಜಯಪ್ಪ ನನ್ನ ಕಡೆ ನೋಡಿದ. ನಾನು ಕೂಸಿನ ಹಣೆ ಮುಟ್ಟಿದೆ. ಅವಳು ಕೂಸಿನ ಬಾಯಿ ಬಿಡಿಸಿ ಹಿಡಿದಿದ್ದಳು. ಅವನು ಮಣೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಮೆಲ್ಲಗೆ ತಲೆ ಬಗ್ಗಿಸಿದ.